ಗ್ಲೌಸಮ್ಮನ ಕಡೆಯ ಸ್ನಾನ

"ಬೇಡ ಚಿಕ್ಕಮ್ಮ, ಬರಿಗೈಲಿ ಮುಟ್ಟಬೇಡಿ."

ಸೊಸೆ ಅಡುಗೆಮನೆಯಿಂದ ಓಡಿಬಂದು ಹೀಗೆ ಹೇಳುವಷ್ಟರಲ್ಲಿ ಚಿಕ್ಕಮ್ಮ ತೋಳು ಮೇಲೇರಿಸಿಕೊಂಡು, ಬಕೆಟ್ಟಿನ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಇನ್ನೊಂದು ಕೈಯಲ್ಲಿ ಹೊದಿಕೆಯ ಅಂಚು ಹಿಡಿದಾಗಿತ್ತು. ಹೊದಿಕೆಯ ಕೆಳಗೆ ಅತ್ತೆ. ಬೆಳಿಗ್ಗೆ ಟೀ ಬೇಕಾ ಎಂದು ಕೇಳಲು ಮಗ ಕೋಣೆಗೆ ಹೋದಾಗ ಉತ್ತರ ಬಂದಿರಲಿಲ್ಲ, ಅಷ್ಟೇ. ಜೀವನವಿಡೀ ಯಾರಿಗೂ ತೊಂದರೆ ಕೊಡಬಾರದೆಂದು ಒದ್ದಾಡಿದ ಹೆಂಗಸು ಹೋಗುವಾಗಲೂ ಯಾರನ್ನೂ ಎಬ್ಬಿಸದೆ ಹೋಗಿದ್ದಳು.

"ಯಾಕೆ ಮುಟ್ಟಬಾರದು?" ಚಿಕ್ಕಮ್ಮ ತಲೆಯೆತ್ತಿದಳು. ಆಕೆ ಅತ್ತೆಯ ಒಡಹುಟ್ಟಿದ ತಂಗಿ. ಸುದ್ದಿ ಕೇಳಿದವಳೇ ಒಂದು ಕಾಲಿಗೆ ಒಂದು ಚಪ್ಪಲಿ, ಇನ್ನೊಂದಕ್ಕೆ ಬೇರೆ ಜೊತೆಯದು ಹಾಕಿಕೊಂಡು ಬಂದಿದ್ದಳು. "ಒಂದೇ ಹಾಸಿಗೇಲಿ ಮಲಗಿ ಬೆಳೆದೋರು ನಾವು. ನನ್ನಕ್ಕನ್ನ ಮುಟ್ಟೋಕೆ ನಿನ್ನ ಅಪ್ಪಣೆ ಬೇಕಾ?"

"ಅದಲ್ಲ ಚಿಕ್ಕಮ್ಮ. ಮೊನ್ನೆ ತಾನೆ ಔಷಧ ಏರಿಸಿದ್ದಾರೆ. ಅದಿನ್ನೂ ಮೈಯಲ್ಲಿರುತ್ತೆ. ಬೆವರಲ್ಲಿ, ಮೂತ್ರದಲ್ಲಿ, ಎಲ್ಲದರಲ್ಲೂ ಬರುತ್ತೆ. ಹಾಸಿಗೆ ಬೇರೆ ಒದ್ದೆಯಾಗಿದೆ. ಗ್ಲೌಸ್ ಹಾಕ್ಕೊಂಡೇ ಒರೆಸಬೇಕು."

"ಸತ್ತ ಮೇಲೂನಾ?"

"ಸತ್ತಿದ್ದು ಔಷಧಕ್ಕೇನು ಗೊತ್ತಾಗುತ್ತೆ?"

ಚಿಕ್ಕಮ್ಮ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. "ನನ್ನಕ್ಕನ್ನ ವಿಷದ ಬಾಟಲಿ ಮಾಡಿಬಿಟ್ಟೆಯಲ್ಲೇ. ಆಯ್ತು, ಹಾಗಿದ್ರೆ ನೀನೇ ತೊಳಿ. ದಿನಾ ಅದರಲ್ಲೇ ಕೈಯಾಡಿಸೋಳು ನೀನು. ಅವಳೇ ಕಲಿಸಿದ ಕೈ. ಅವಳಿಗೂ ಅದೇ ಸಮಾಧಾನ."

ಬಾಗಿಲಲ್ಲಿ ನಿಂತು ಫೋನಿನಲ್ಲಿ ಗಾಡಿಯವರೊಂದಿಗೆ ಮಾತಾಡುತ್ತಿದ್ದ ಮಗ ತಿರುಗಿ ಹೆಂಡತಿಯ ಕಡೆ ನೋಡಿದ. ಚಿಕ್ಕಮ್ಮನೂ ನೋಡುತ್ತಿದ್ದಳು. ಸೊಸೆ ಪೇಚಿಗೆ ಸಿಕ್ಕಿದಳು. ಮಾಡುತ್ತೇನೆ ಎನ್ನುವಂತಿಲ್ಲ. ಮಾಡುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕು.

"ಗ್ಲೌಸ್ ತರ್ತೀನಿ," ಎಂದು ಅಲ್ಲಿಂದ ಕಾಲ್ತೆಗೆದಳು.

ಅವಳು ಬಸುರಿ. ಈ ಮಾತು ಅವಳನ್ನು ಬಿಟ್ಟರೆ ಲೋಕದಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲವೆಂದು ಅವಳು ನಂಬಿದ್ದಳು. ಗಂಡನಿಗೂ ಹೇಳಿರಲಿಲ್ಲ. ಕಳೆದ ವರ್ಷ ಗೊತ್ತಾದ ದಿನವೇ ಎಲ್ಲರ ಕಿವಿಗೂ ಹಾಕಿ, ಆಸ್ಪತ್ರೆಯಲ್ಲೆಲ್ಲ ಸುದ್ದಿಯಾಗಿ, ಚಿಕ್ಕಮ್ಮ ಸ್ವೆಟರ್ ಹೆಣೆಯಲು ಶುರುಮಾಡಿ, ಆಮೇಲೆ ಒಂದು ಮಧ್ಯಾಹ್ನ ಎಲ್ಲ ಮುಗಿದುಹೋಗಿತ್ತು. ಆ ಸ್ವೆಟರಿನ ಅರ್ಧ ತೋಳು ಇನ್ನೂ ಯಾವುದೋ ಚೀಲದಲ್ಲಿದೆ. ಈ ಸಲ ಮೂರು ತಿಂಗಳು ಕಳೆಯುವ ತನಕ ಬಾಯಿಗೆ ಬೀಗ ಎಂದು ತೀರ್ಮಾನಿಸಿದ್ದಳು. ಇನ್ನು ಕೆಲವೇ ದಿನ ಉಳಿದಿತ್ತು.

ಆದರೆ ಬೀಗದ ಹಿಂದೆ ಇನ್ನೊಂದು ಸಂಗತಿಯೂ ಇತ್ತು. ಅದನ್ನು ನೆನೆದಾಗಲೆಲ್ಲ ಅವಳ ಕೈ ತಾನಾಗಿ ಬಲಗೈ ಮಣಿಕಟ್ಟಿಗೆ ಹೋಗುತ್ತಿತ್ತು.

*

ಸೊಸೆ ಸೊಸೆಯಾಗುವ ಮೊದಲು ಗ್ಲೌಸಮ್ಮನ ಶಿಷ್ಯೆ.

ಆಸ್ಪತ್ರೆಯಲ್ಲಿ ಅತ್ತೆಗೆ ಇದ್ದ ಹೆಸರೇ ಅದು. ಕ್ಯಾನ್ಸರ್ ರೋಗಿಗಳಿಗೆ ಏರಿಸುವ ಔಷಧವನ್ನು ಕಲಸುವ ಕೋಣೆಯ ಹಿರಿಯ ನರ್ಸು. ಆ ಔಷಧಗಳು ಕಾಯಿಲೆಯ ಜೀವಕೋಶವನ್ನು ಕೊಲ್ಲುವಂಥವು; ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ನಿಂತು ವಿಚಾರಿಸುವ ವ್ಯವಧಾನ ಅವಕ್ಕಿಲ್ಲ. ರೋಗಿಗೆ ಅದು ಬದುಕು, ಕಲಸುವವರಿಗೆ ಅದು ಅಪಾಯ. ಆದ್ದರಿಂದ ಕೋಣೆಯೊಳಗೆ ಗಾಳಿಯನ್ನು ತನ್ನೊಳಗೇ ಎಳೆದುಕೊಳ್ಳುವ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಕೈ ಮಾತ್ರ ತೂರಿಸಿ ಕೆಲಸ. ಅಲ್ಲಿಯವರು ಆ ಪೆಟ್ಟಿಗೆಯನ್ನು ಗೂಡು ಎನ್ನುತ್ತಾರೆ.

ಹೊಸದಾಗಿ ಬಂದವರನ್ನು ಗ್ಲೌಸಮ್ಮ ಗೂಡಿನ ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಖಾಲಿ ಸೀಸೆಗಳಿಗೆ ಕೆಂಪು ಬಣ್ಣದ ನೀರು ತುಂಬಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, "ಹೂಂ, ಕಲಸು," ಎನ್ನುತ್ತಿದ್ದಳು. ಸೂಜಿ ಚುಚ್ಚಿ, ಎಳೆದು, ಹೊರತೆಗೆಯುವಷ್ಟರಲ್ಲಿ ಬಟ್ಟೆಯ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆ ಬಿದ್ದಿರುತ್ತಿತ್ತು.

"ಇದೇನು?"

"ಸ್ವಲ್ಪ ಬಿತ್ತು ಸಿಸ್ಟರ್."

"ಇದು ಬಣ್ಣ, ಕಂಡಿತು. ನಾಳೆ ನೀನು ಕಲಸೋದಕ್ಕೆ ಬಣ್ಣ ಇರಲ್ಲ. ನೀರಿನ ಹಾಗಿರುತ್ತೆ. ಬಿದ್ದಿದ್ದು ನಿನಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಇನ್ನೊಂದು ಸಲ ಮಾಡು."

ಇನ್ನೊಂದು ಸಲ ಎಂದರೆ ಸಂಜೆಯವರೆಗೆ. ಅದಾದ ಮೇಲೆ ಗ್ಲೌಸಿನ ಪಾಠ. ಒಂದರ ಮೇಲೊಂದು ಎರಡು ಜೊತೆ. ಒಳಗಿನದು ಗೌನಿನ ತೋಳಿನ ಕೆಳಗೆ, ಹೊರಗಿನದು ತೋಳಿನ ಮೇಲೆ. ಹಾಕಿಕೊಂಡು ಕೈ ಚಾಚಿ ನಿಲ್ಲಬೇಕು. ಗ್ಲೌಸಮ್ಮ ಬಂದು ಮಣಿಕಟ್ಟಿನ ಸುತ್ತ ಬೆರಳಾಡಿಸಿ, ಎಲ್ಲಾದರೂ ಚರ್ಮ ಇಣುಕುತ್ತದೆಯೇ ನೋಡಿ, ಇಲ್ಲವೆಂದಾದರೆ ಮಣಿಕಟ್ಟಿನ ಮೇಲೆ ಎರಡು ಸಲ ತಟ್ಟುತ್ತಿದ್ದಳು. ಆ ತಟ್ಟು ಬಿದ್ದ ಮೇಲೇ ಗೂಡಿಗೆ ಕೈ. ದೊಡ್ಡ ಡಾಕ್ಟರು ಬಾಗಿಲ ಹೊರಗೆ ನಿಂತು ಔಷಧ ಎಲ್ಲಿ ಎಂದು ಕೂಗಾಡಿದರೂ, ತಟ್ಟದೆ ಯಾರನ್ನೂ ಒಳಗೆ ಬಿಟ್ಟವಳಲ್ಲ.

ಒಂದು ದಿನ ಹುಡುಗಿ ಕೆಲಸ ಮುಗಿಸಿ ಗ್ಲೌಸ್ ತೆಗೆಯುವುದನ್ನು ಗ್ಲೌಸಮ್ಮ ಕಣ್ಣಿಟ್ಟು ನೋಡಿದಳು. ಒಂದನ್ನು ಒಳಮೈ ಹೊರಗಾಗುವಂತೆ ಸುಲಿದು, ಮುದ್ದೆ ಮಾಡಿ ಹಿಡಿದು, ಇನ್ನೊಂದನ್ನು ಅದರ ಮೇಲೆ ಮಗುಚಿ, ಹೊರಭಾಗಕ್ಕೆ ಎಲ್ಲೂ ಬೆರಳು ತಾಗಿಸದೆ ತೊಟ್ಟಿಗೆ ಹಾಕಿದಳು.

"ನಿನಗೆ ಮದುವೆಯಾಗಿದೆಯಾ?" ಗ್ಲೌಸಮ್ಮ ಕೇಳಿದಳು.

"ಇಲ್ಲ ಸಿಸ್ಟರ್."

"ನನ್ನ ಮಗ ಲಿಫ್ಟ್ ರಿಪೇರಿ ಮಾಡ್ತಾನೆ. ಸ್ವಲ್ಪ ಕೋಪ ಜಾಸ್ತಿ, ಆದ್ರೆ ಬೇಗ ಇಳಿಯುತ್ತೆ. ಒಂದ್ಸಲ ನೋಡ್ತೀಯಾ?"

ಆ ಕೋಣೆಯಲ್ಲಿ ಪ್ರತಿ ಚೀಲದ ಹೆಸರು, ಅಳತೆ ತಾಳೆ ನೋಡುವ ಫಾರ್ಮಸಿಸ್ಟನಿಗೆ ಲೇಬಲಣ್ಣ ಎಂದು ಹೆಸರು. ಮದುವೆಯ ದಿನ ಅವನು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ: "ಬೇರೆಯವರು ಮನೆತನ ನೋಡ್ತಾರೆ. ನಮ್ಮ ಗ್ಲೌಸಮ್ಮ ಮಣಿಕಟ್ಟು ನೋಡಿ ಸೊಸೆ ತಂದ್ರು."

*

ಗ್ಲೌಸಿನ ಪೆಟ್ಟಿಗೆ ಬಚ್ಚಲಿನ ಕಪಾಟಿನಲ್ಲೇ ಇತ್ತು. ಸೊಸೆ ಅದನ್ನು ಎದೆಗವಚಿಕೊಂಡು ಬಾಗಿಲು ಹಾಕಿ, ಮಗುಚಿಟ್ಟ ಬಕೆಟ್ಟಿನ ಮೇಲೆ ಕುಳಿತಳು.

ಅತ್ತೆಗೆ ಬಂದದ್ದು ರಕ್ತದ ಕ್ಯಾನ್ಸರ್. ತಾನು ಇಷ್ಟು ವರ್ಷ ಬೇರೆಯವರಿಗೆ ಕಲಸಿಕೊಟ್ಟದ್ದನ್ನೇ ಕಡೆಗೆ ತನ್ನ ನರಕ್ಕೂ ಏರಿಸಿಕೊಂಡಳು. ಕೆಲಸದಿಂದಲೇ ಬಂತಾ ಎಂದು ಮಗ ಕೇಳಿದಾಗ ಡಾಕ್ಟರು ಕನ್ನಡಕ ತೆಗೆದು ಒರೆಸಿ, "ಹಾಗಂತ ಹೇಳೋಕಾಗಲ್ಲ," ಎಂದಿದ್ದರು. ಸ್ವಲ್ಪ ತಡೆದು, "ಅಲ್ಲ ಅಂತಲೂ ಹೇಳೋಕಾಗಲ್ಲ," ಎಂದಿದ್ದರು. ಅವತ್ತಿನಿಂದ ಆ ಎರಡನೆಯ ಮಾತು ಸೊಸೆಯ ಬೆನ್ನು ಬಿಟ್ಟಿರಲಿಲ್ಲ.

ಅದಕ್ಕಿಂತ ದೊಡ್ಡ ನೋವು ಇನ್ನೊಂದಿತ್ತು. ಕಡೆಯ ಕೆಲವು ವಾರ ಅತ್ತೆ ಅವಳನ್ನು ಹತ್ತಿರ ಸೇರಿಸಿರಲಿಲ್ಲ. ವಾಂತಿಯ ಬೇಸಿನ್ ಎತ್ತಲು ಹೋದರೆ, "ನೀನು ಮುಟ್ಟಬೇಡ, ಅಲ್ಲಿಡು." ಹಾಸಿಗೆ ಬಟ್ಟೆ ಬದಲಿಸಲು ಹೋದರೆ, "ನನ್ನ ಮಗ ಇಲ್ವಾ? ಅವನು ಮಾಡ್ಲಿ." ಬೆಚ್ಚಗಿನ ನೀರಲ್ಲಿ ಕಾಲು ಒರೆಸುತ್ತೇನೆಂದರೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಕಡೆಗೆ, "ನನ್ನ ಔಷಧ ನೀನು ಕಲಸಬೇಡ, ಬೇರೆ ಯಾರಾದ್ರೂ ಕಲಸಲಿ," ಎಂದಳು. ಆ ದಿನ ಸೊಸೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತಿದ್ದಳು. ಬಣ್ಣದ ನೀರಿನಿಂದ ಹಿಡಿದು ಎಲ್ಲ ಕಲಿಸಿದವಳಿಗೆ ನನ್ನ ಕೈಯ ಮೇಲೇ ನಂಬಿಕೆ ಹೋಯಿತೇ? ಅಷ್ಟು ಸಾಲದೆಂಬಂತೆ ಲೇಬಲಣ್ಣನೂ ಅವಳನ್ನು ಗೂಡಿನಿಂದ ತೆಗೆದು, ಹೊರಗಿನ ಮೇಜಿನಲ್ಲಿ ಲೇಬಲ್ ಅಂಟಿಸಲು ಕೂರಿಸಿದ್ದ. ಕೇಳಿದರೆ, "ಮನೇಲಿ ಕಾಯಿಲೆ ಇದೆ, ನಿನ್ನ ತಲೆ ಎಲ್ಲೋ ಇದೆ," ಎನ್ನುತ್ತಿದ್ದ.

ಅವನು ಹೇಳಿದ್ದು ಸುಳ್ಳೇನಲ್ಲ ಎಂದು ಅವಳಿಗೆ ಮಾತ್ರ ಗೊತ್ತಿತ್ತು. ತಲೆ ಎಲ್ಲೋ ಇದ್ದದ್ದಕ್ಕೇ ಆ ದಿನ ಹಾಗಾಗಿದ್ದು.

*

ಅದು ಅವಳು ಹೊರಗಿನ ಮೇಜಿಗೆ ಬರುವುದಕ್ಕೂ ಮುಂಚೆ. ಬಸುರಿಯೆಂದು ಖಾತ್ರಿಯಾಗಿ ಆಗಲೇ ಕೆಲವು ದಿನ ಕಳೆದಿತ್ತು. ಹಾಗೆ ಗೊತ್ತಾದ ಕ್ಷಣವೇ ಹೇಳಿ, ಗೂಡಿನಿಂದ ದೂರ ಸರಿದು, ಬೇರೆ ಕೆಲಸ ಕೇಳಿ ಪಡೆಯುವುದು ಆ ಕೋಣೆಯ ನಿಯಮ. ಅದನ್ನು ಹಟ ಹಿಡಿದು ತಂದವಳೇ ಅತ್ತೆ. ಸೊಸೆ ಹೇಳಲಿಲ್ಲ. ಒಂದು ವಾರ ನೋಡೋಣ, ಇನ್ನೊಂದು ವಾರ ನೋಡೋಣ ಎಂದು ಭಯದಲ್ಲೇ ಒಳಗೆ ಹೋಗಿ ಭಯದಲ್ಲೇ ಹೊರಗೆ ಬರುತ್ತಿದ್ದಳು.

ಆ ಮಧ್ಯಾಹ್ನ ವಾರ್ಡಿನಿಂದ ಫೋನಿನ ಮೇಲೆ ಫೋನು. ಮಣಿಕಟ್ಟು ನೋಡಿ ತಟ್ಟಲು ಅತ್ತೆ ಇಲ್ಲ, ಅವಳು ಮನೆಯಲ್ಲಿ ಮಲಗಿದ್ದಾಳೆ. ಸೊಸೆ ತಾನೇ ಗ್ಲೌಸ್ ಏರಿಸಿಕೊಂಡು ಕುಳಿತಳು. ಪುಡಿಯಿದ್ದ ಸೀಸೆಗೆ ನೀರು ತುಂಬುವಾಗ ಅಷ್ಟೇ ಗಾಳಿಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಒಳಗೆ ಒತ್ತಡ ಕಟ್ಟುತ್ತದೆ. ಸಾವಿರ ಸಲ ಮಾಡಿದ ಕೆಲಸ. ಅವತ್ತು ಮರೆತಳು. ಸೂಜಿ ಹೊರಗೆ ಬರುತ್ತಲೇ ಪುಸಕ್ಕೆಂದು ಚಿಮ್ಮಿತು. ಗೂಡಿನೊಳಗೇ ಚಿಮ್ಮಿತು, ಮುಖಕ್ಕೇನೂ ಬರಲಿಲ್ಲ. ಆದರೆ ಗ್ಲೌಸು ಗೌನಿನ ತೋಳಿನಿಂದ ಜಾರಿ, ಬಲಗೈ ಮಣಿಕಟ್ಟಿನಲ್ಲಿ ಒಂದು ಸಂದು ಬಿಟ್ಟಿತ್ತು. ಅಲ್ಲಿ ತಣ್ಣಗಾಯಿತು.

ಬಣ್ಣವಿಲ್ಲದ್ದು. ಎಷ್ಟು ಬಿತ್ತೋ ಕಾಣಲಿಲ್ಲ.

ಎಲ್ಲವನ್ನೂ ಕಳಚಿ, ನಲ್ಲಿಯ ಕೆಳಗೆ ಕೈಯಿಟ್ಟು ಸೋಪು ಹಚ್ಚಿ ತೊಳೆದಳು. ಚರ್ಮ ಕೆಂಪಾದರೂ ನಿಲ್ಲಿಸಲಿಲ್ಲ. ಹೀಗೆ ಮೈಗೆ ಬಿದ್ದರೆ ತಕ್ಷಣ ಲೇಬಲಣ್ಣನಿಗೆ ಹೇಳಬೇಕು. ಹೇಳಿದರೆ ಅವನು ಕೇಳುವ ಮೊದಲ ಪ್ರಶ್ನೆಯೇ, ನೀನು ಬಸುರಿಯಾ ಎಂದು. ಅವಳು ಕೈ ಒರೆಸಿಕೊಂಡು, ಹೊಸ ಗ್ಲೌಸ್ ಹಾಕಿಕೊಂಡು, ಮತ್ತೆ ಹೋಗಿ ಕುಳಿತಳು. ಅಲ್ಲಿಂದೀಚೆಗೆ ಹೊಟ್ಟೆಯಲ್ಲಿ ಸಣ್ಣ ಚಳುಕು ಬಂದರೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಬಚ್ಚಲಿಗೆ ಹೋದಾಗಲೆಲ್ಲ ಬಟ್ಟೆಯ ಮೇಲೆ ಕೆಂಪು ಚುಕ್ಕೆ ಇದೆಯೇ ಎಂದು ನೋಡಿಕೊಳ್ಳುತ್ತಿದ್ದಳು.

*

"ಒಳಗೇನು ಮಾಡ್ತಿದ್ದೀಯ?" ಗಂಡ ಬಾಗಿಲು ತಟ್ಟಿದ. "ಗಾಡಿ ಇನ್ನೊಂದು ಗಂಟೇಲಿ ಬರುತ್ತಂತೆ. ಆಸ್ಪತ್ರೆಯವರು ಬಂದಿದ್ದಾರೆ."

ಹೊರಗೆ ಬಂದರೆ ಲೇಬಲಣ್ಣ ತನ್ನ ದೊಡ್ಡ ದೇಹವನ್ನು ಸಣ್ಣದು ಮಾಡಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಅವನ ಜೊತೆ ವಾರ್ಡಿನ ಹಳೆಯ ಆಯಮ್ಮ. ಅತ್ತೆ ಕೆಲಸಕ್ಕೆ ಸೇರಿದ ಕಾಲದಿಂದ ಅವಳೊಂದಿಗೆ ಇದ್ದವಳು. ಈಗ ಮಂಚದ ಕಾಲ ಬಳಿ ಕುಳಿತು, ಮುಟ್ಟದೆ ನೋಡುತ್ತಿದ್ದಳು.

"ನೋಡಮ್ಮ," ಚಿಕ್ಕಮ್ಮ ಆಯಮ್ಮನಿಗೆ ದೂರು ಹೇಳುತ್ತಿದ್ದಳು, "ನಮ್ಮಕ್ಕನ್ನ ಮುಟ್ಟಬಾರದಂತೆ."

"ಅವಳು ಹೇಳಿದ್ದು ಸರೀನಮ್ಮ," ಆಯಮ್ಮ ಮೂಗು ಒರೆಸಿಕೊಂಡಳು. "ನಿಮ್ಮಕ್ಕ ಇದ್ದಿದ್ರೆ ನಿಮ್ಮ ಕೈಗೆ ಒಂದು ಏಟು ಕೊಡ್ತಿದ್ದಳು. ಆದ್ರೆ ಅವಳೇನು ಮೊದಲಿಂದ ಗ್ಲೌಸಮ್ಮ ಆಗಿರಲಿಲ್ಲ. ಆಗ ಈ ಗೂಡೂ ಇಲ್ಲ, ಗೌನೂ ಇಲ್ಲ. ನರ್ಸುಗಳ ಕೋಣೇಲಿ ಕಿಟಕಿ ಪಕ್ಕ ಒಂದು ಟೇಬಲ್ಲು. ಅದರ ಮೇಲೆ ಈ ಕಡೆ ಟೀ ಲೋಟ, ಆ ಕಡೆ ಔಷಧ. ಬರಿಗೈಲಿ ಸೀಸೆ ಮುರಿಯೋದು, ಸಿರಿಂಜ್ ಮೇಲೆತ್ತಿ ಗಾಳಿಗುಳ್ಳೆ ಹೋಗೋ ಹಾಗೆ ಪಿಚಕ್ ಅಂತ ಹಾರಿಸೋದು. ಕಿಟಕಿ ಬಿಸಿಲಲ್ಲಿ ಅದು ಮಂಜಿನ ಹಾಗೆ ಕಾಣೋದು. ಚೆಂದ ಇದೆಯಲ್ಲೇ ಅಂತ ನಗ್ತಾ ಇದ್ವಿ. ಆ ಟೇಬಲ್ ಒರೆಸಿದ ಬಟ್ಟೇಲೇ ನಾನು ಲೋಟನೂ ಒರೆಸ್ತಿದ್ದೆ. ಯಾರಿಗೆ ಗೊತ್ತಿತ್ತು?"

ಅವಳು ಅತ್ತೆಯ ಮಗನ ಕಡೆ ಗಲ್ಲ ತೋರಿಸಿದಳು.

"ಇವನಾದ ಮೇಲೆ ಎರಡು ಹೋಯ್ತಲ್ಲ ಅವಳಿಗೆ," ಆಯಮ್ಮ ಮುಂದುವರಿಸಿದಳು. "ಎರಡನೇದು ಐದು ತಿಂಗಳದ್ದು. ಡ್ಯೂಟೀಲೇ ಇದ್ದಳು. ನಾನೇ ಹಿಡ್ಕೊಂಡು ಹೋಗಿದ್ದು."

ಮಗನ ಕೈಯಲ್ಲಿದ್ದ ಫೋನು ಕೆಳಗಿಳಿಯಿತು. "ಏನು ಹೋಯ್ತು?"

"ನಿನಗೆ ಹೇಳಿಲ್ವಾ?"

"ನನಗೆ ಯಾರೂ ಹೇಳಿಲ್ಲ." ಅವನು ಚಿಕ್ಕಮ್ಮನ ಕಡೆ ತಿರುಗಿದ. "ನಿಮಗೆ ಗೊತ್ತಿತ್ತಾ?"

"ಮಕ್ಕಳಿಗೆ ಹೇಳೋ ಮಾತೇನೋ ಅದು," ಎಂದಳು ಚಿಕ್ಕಮ್ಮ, ಸಣ್ಣ ದನಿಯಲ್ಲಿ.

"ಅದರಿಂದಲೇ ಹೋಯ್ತು ಅಂತ ಯಾರೂ ಹೇಳಲಿಲ್ಲ," ಆಯಮ್ಮ ಹೇಳಿದಳು. "ಅಲ್ಲ ಅಂತಲೂ ಹೇಳಲಿಲ್ಲ. ಆದ್ರೆ ವಾಪಸ್ ಬಂದ ದಿನ ಅವಳು ಆ ಟೀ ಲೋಟ ತಗೊಂಡು ಹೋಗಿ ಹೊರಗೆ ಬಿಸಾಡಿದ್ಲು. ಅಲ್ಲಿಂದ ಶುರುವಾಯ್ತು ನೋಡಿ, ಗ್ಲೌಸ್ ಕೊಡಿ, ಗೌನ್ ಕೊಡಿ, ಪೆಟ್ಟಿಗೆ ತರಿಸಿ ಅಂತ. ಹುಚ್ಚಿ ಅಂದ್ರು. ಗೂಡು ಬರೋ ಹೊತ್ತಿಗೆ ಅವಳ ಕೂದಲು ಬೆಳ್ಳಗಾಗಿತ್ತು."

ಸೊಸೆ ಮನಸ್ಸಿನಲ್ಲೇ ಎಣಿಸಿದಳು. ಅತ್ತೆಗೆ ಎರಡು. ತನಗೆ ಕಳೆದ ವರ್ಷ ಒಂದು. ಬಲಗೈ ಮಣಿಕಟ್ಟು ಉರಿದಂತೆನಿಸಿತು. ಉರಿಯುವಂಥದ್ದು ಅಲ್ಲೇನೂ ಇಲ್ಲವೆಂದು ಗೊತ್ತಿದ್ದರೂ ಉರಿಯಿತು.

"ಅದೆಲ್ಲ ಸರಿ. ಈಗ ಇವಳನ್ನ ನೋಡಿ, ಗ್ಲೌಸ್ ಪೆಟ್ಟಿಗೆ ತಬ್ಬಿಕೊಂಡು ನಿಂತಿದ್ದಾಳೆ." ಚಿಕ್ಕಮ್ಮ ಸೊಸೆಯತ್ತ ಬೆರಳು ಮಾಡಿದಳು. ದುಃಖಕ್ಕೆ ಎಲ್ಲಾದರೂ ಇಳಿಯಲು ಒಂದು ಜಾಗ ಬೇಕಿತ್ತು, ಸೊಸೆ ಸಿಕ್ಕಿದಳು. "ಅಕ್ಕನಿಗೂ ಇವಳಿಗೂ ಏನಾಗಿತ್ತೋ. ಹೋದ ವಾರ ಬಂದಾಗ ನೋಡಿದೆ, ನಿಲ್ಲೋಕೂ ತ್ರಾಣ ಇಲ್ಲದೋಳು ತನ್ನ ಹಾಸಿಗೆ ಬಟ್ಟೆ ತಾನೇ ಒಗೀತಿದ್ದಾಳೆ. ಸೊಸೆ ಎಲ್ಲೇ ಅಂದ್ರೆ, ಅವಳು ಮುಟ್ಟೋದು ಬೇಡ ಅಂದ್ಲು. ಸಾಯೋ ಹೊತ್ತಲ್ಲಿ ಅಷ್ಟು ಬೇಜಾರು ಮಾಡೋ ಅಂಥದ್ದು ಏನಮ್ಮಾ ಮಾಡಿದ್ದೆ ನೀನು?"

ಅದೇ ಪ್ರಶ್ನೆಯನ್ನು ಸೊಸೆಯೂ ವಾರಗಟ್ಟಲೆ ತನಗೆ ತಾನೇ ಕೇಳಿಕೊಂಡಿದ್ದಳು. ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟು, ಬಾಲ್ಕನಿಗೆ ಹೋಗಿ ಬಟ್ಟೆ ಒಣಗಿಸುವ ತಂತಿ ಹಿಡಿದು ನಿಂತಳು.

ಲೇಬಲಣ್ಣ ಹಿಂದೆಯೇ ಬಂದ.

"ಹೇಳಬಾರದು ಅಂತ ನನ್ನ ಹತ್ರ ಮಾತು ತಗೊಂಡಿದ್ರು," ಎಂದ. "ಈಗ ಅವರೇ ಇಲ್ಲ. ನೀನು ಹೀಗೆ ಬೈಸಿಕೊಳ್ಳೋದನ್ನ ನನಗೆ ನೋಡೋಕಾಗ್ತಿಲ್ಲ."

"ಏನಣ್ಣ?"

"ಒಂದಿನ ಫೋನ್ ಮಾಡಿದ್ರು. ಸೊಸೆನ ಗೂಡಿನ ಹತ್ರ ಬಿಡಬೇಡ ಅಂದ್ರು. ಯಾಕೆ ಅಂದೆ. ಬೆಳಿಗ್ಗೆ ಟೀ ವಾಸನೆಗೆ ಮುಖ ತಿರುಗಿಸ್ತಾಳೆ, ನನಗೆ ಕಣ್ಣಿಲ್ವಾ ಅಂದ್ರು." ಅವನು ಕೆಳಗಿನ ರಸ್ತೆಯನ್ನು ನೋಡುತ್ತ ಹೇಳುತ್ತಿದ್ದ. "ಅವಳನ್ನ ಕೇಳಬೇಡ, ಗೊತ್ತಿರೋ ಹಾಗೆ ತೋರಿಸ್ಕೋಬೇಡ. ಹೋದ ಸಲ ನಾವೆಲ್ಲ ಊರಿಗೆಲ್ಲ ಸಾರಿ, ಆಮೇಲೆ ಅವಳಿಗೆ ಅಳೋಕೂ ಜಾಗ ಇಲ್ಲದ ಹಾಗೆ ಮಾಡಿದ್ವಿ. ಈ ಸಲ ತಾನಾಗಿ ಹೇಳ್ಲಿ. ಅಲ್ಲೀವರೆಗೆ ನಾನು ಮನೇಲಿ ನೋಡ್ಕೋತೀನಿ, ನೀನು ಅಲ್ಲಿ ನೋಡ್ಕೋ ಅಂದ್ರು. ಬೈದುಕೊಂಡ್ರೆ ನನ್ನನ್ನೇ ಬೈದುಕೊಳ್ಳಲಿ ಬಿಡು, ಅಂದ್ರು."

ಸೊಸೆಗೆ ಒಂದೊಂದಾಗಿ ನೆನಪಾಯಿತು. ನೀನು ಮುಟ್ಟಬೇಡ, ಅಲ್ಲಿಡು. ನನ್ನ ಮಗ ಇಲ್ವಾ. ನನ್ನ ಔಷಧ ನೀನು ಕಲಸಬೇಡ. ಗೋಡೆಗೆ ತಿರುಗಿಸಿದ ಆ ಮುಖ. ಅಷ್ಟು ದಿನ ಅವಳು ಅದನ್ನು ಸಿಟ್ಟು ಎಂದುಕೊಂಡು ತಾನೂ ಮುಖ ಊದಿಸಿಕೊಂಡು ಓಡಾಡಿದ್ದಳು.

ಸಮಾಧಾನವಾಗಬೇಕಿತ್ತು. ಆದದ್ದು ಭಯ, ಮೊದಲಿಗಿಂತ ಜಾಸ್ತಿ. ಅತ್ತೆ ಇಷ್ಟೆಲ್ಲ ಕಾವಲು ಕುಳಿತದ್ದು ಆ ಹನಿ ಬಿದ್ದ ಮೇಲೆ. ಅದು ಅತ್ತೆಗೆ ಗೊತ್ತಿರಲೇ ಇಲ್ಲ.

"ಅಣ್ಣ, ಅದಕ್ಕೂ ಮುಂಚೆ ಒಂದ್ಸಲ ಚಿಮ್ಮಿತ್ತು," ಎಂದಳು.

ಅವನು ಸರ್ರನೆ ತಿರುಗಿದ. "ಎಲ್ಲಿಗೆ?"

ಅವಳು ಮಣಿಕಟ್ಟು ಚಾಚಿದಳು. ಅಲ್ಲಿ ನೋಡಲು ಏನೂ ಇರಲಿಲ್ಲ. ಆದರೂ ಅವನು ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು ನೋಡಿದ. ಯಾವ ಔಷಧ, ಎಷ್ಟು ಹೊತ್ತಿಗೆ ತೊಳೆದೆ, ಗಾಯ ಇತ್ತಾ, ಕಣ್ಣಿಗೆ ಹೋಯಿತಾ, ಉಸಿರಿಗೆ ಬಂತಾ. ಪರೀಕ್ಷೆಗೆ ನಿಂತವಳಂತೆ ಒಂದೊಂದಕ್ಕೂ ಉತ್ತರ ಕೊಟ್ಟಳು. ಕಡೆಗೆ ಅವನು, "ಯಾಕೆ ಹೇಳಲಿಲ್ಲ?" ಎಂದ.

"ಮೊದಲನೇ ಪ್ರಶ್ನೇನೇ ಬಸುರಿಯಾ ಅಂತ ತಾನೆ?"

ಲೇಬಲಣ್ಣ ಅವಳ ಕೈ ಬಿಟ್ಟು ಕನ್ನಡಕ ಇಳಿಸಿದ. ಕೆಳಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ.

"ಒಂದು ಹನಿ. ಚರ್ಮದ ಮೇಲೆ. ತಕ್ಷಣ ತೊಳೆದಿದ್ದೀಯ," ಎಂದ. "ಅದು ಒಳ್ಳೇದು. ಏನೂ ಆಗಲ್ಲ ಅಂತ ಹೇಳೋಕೆ ನನಗೆ ಬಾಯಿ ಬರ್ತಿಲ್ಲಮ್ಮ, ಸುಳ್ಳು ಹೇಳಿದ ಹಾಗಾಗುತ್ತೆ. ನಾಳೆ ಡಾಕ್ಟರ ಹತ್ರ ಹೋಗೋಣ. ನಾನೂ ಬರ್ತೀನಿ. ಮೊದಲು ಒಳಗೆ ಹೋಗಿ ಹೇಳು. ಇಷ್ಟು ದೊಡ್ಡದನ್ನ ಒಬ್ಬಳೇ ಹೊತ್ಕೊಂಡು ತಿರುಗಬೇಡ."

*

ಒಳಗೆ ಬಕೆಟ್ಟಿನ ನೀರು ಆರಿತ್ತು. ಸೊಸೆ ಮಂಚದ ಎದುರಿಗೆ ನಿಂತಳು. ಹೇಳುವ ಮಾತನ್ನು ಅತ್ತೆಯ ಮುಖ ನೋಡಿಕೊಂಡೇ ಹೇಳಿದಳು.

"ನಾನು ತೊಳೆಯೋಕಾಗಲ್ಲ ಚಿಕ್ಕಮ್ಮ. ನಾನು ಬಸುರಿ."

ಗಂಡ ಒಂದು ಹೆಜ್ಜೆ ಮುಂದೆ ಬಂದವನು ಅಲ್ಲೇ ನಿಂತ. ಅವನ ಮುಖ ಅಳುವುದಕ್ಕೂ ಇನ್ನೊಂದಕ್ಕೂ ಮಧ್ಯೆ ಸಿಕ್ಕಿಕೊಂಡಿತ್ತು. ಚಿಕ್ಕಮ್ಮ ನಿಧಾನವಾಗಿ ಮಂಚದ ಅಂಚಿಗೆ ಕೈಯೂರಿ ಕುಳಿತಳು.

"ಎಷ್ಟು ತಿಂಗಳು?"

"ಮೂರಾಗ್ತಾ ಬಂತು. ಅತ್ತೆಗೆ ಗೊತ್ತಿತ್ತಂತೆ. ಅದಕ್ಕೇ ಮುಟ್ಟಿಸಲಿಲ್ಲವಂತೆ. ನನಗೂ ಈಗ ತಾನೆ ಗೊತ್ತಾಗಿದ್ದು." ಇನ್ನೂ ಒಂದು ಮಾತು ಇತ್ತು. ಅದನ್ನು ಗಂಡನಿಗೆ ಹೇಳಬೇಕು, ಇವತ್ತೇ ಹೇಳಬೇಕು. "ಇನ್ನೊಂದು ಸಂಗತಿ ಆಗಿದೆ. ಅದನ್ನ ನಿಮಗೆ ಆಮೇಲೆ ಹೇಳ್ತೀನಿ," ಎಂದಳು ಅವನಿಗೆ. ಅವನು ತಲೆಯಾಡಿಸಿದ. ಅವಳ ದನಿಯಲ್ಲಿದ್ದ ಹೆದರಿಕೆ ಅವನಿಗೂ ದಾಟಿತು.

ಚಿಕ್ಕಮ್ಮ ಅಕ್ಕನ ಕಡೆ ತಿರುಗಿ, "ನನಗೂ ಹೇಳಲಿಲ್ಲವಲ್ಲೇ ಕಳ್ಳಿ," ಎಂದಳು. ಆಮೇಲೆ ಕೈ ಚಾಚಿದಳು. "ಕೊಡು ಇಲ್ಲಿ ಆ ಗ್ಲೌಸು. ಹೇಗೆ ಹಾಕ್ಕೋಬೇಕು ಹೇಳು."

ಲೇಬಲಣ್ಣ ಆಸ್ಪತ್ರೆಯಿಂದ ಗೌನು ತಂದಿದ್ದ. ಗ್ಲೌಸಮ್ಮನ ಮನೆಗೆ ಬರುವಾಗ ಮರೆತು ಬರಲಾದೀತೇ. ಸೊಸೆ ಹೊಸ ಗ್ಲೌಸುಗಳನ್ನು ಬಿಡಿಸಿ ಕೊಟ್ಟಳು. ಒಳಗಿನದು ತೋಳಿನ ಕೆಳಗೆ, ಹೊರಗಿನದು ತೋಳಿನ ಮೇಲೆ. ಚಿಕ್ಕಮ್ಮನ ಮಣಿಕಟ್ಟಿನ ಸುತ್ತ ಬೆರಳಾಡಿಸಿ ನೋಡಿ, ಎರಡು ಸಲ ತಟ್ಟಿದಳು. "ಇದೇನು?" ಎಂದಳು ಚಿಕ್ಕಮ್ಮ. "ಸಂದು ಇಲ್ಲ ಅಂತ. ಅತ್ತೆ ಹೀಗೇ ಮಾಡ್ತಿದ್ರು." ಆಯಮ್ಮನೂ ಹಾಕಿಕೊಂಡು ಬಂದು ಕೈ ಚಾಚಿ ನಿಂತಳು. ಅವಳಿಗೂ ತಟ್ಟಿದಳು.

ಹೊಸ ಬಿಸಿನೀರು ಬಂತು. ಸೊಸೆ ಹೊಸ್ತಿಲಾಚೆ ನಿಂತಳು. ಒಳಗೆ ಕಾಲಿಡಲು ಮತ್ತೆ ಮತ್ತೆ ಮೈ ಮುಂದಕ್ಕೆ ತುಯ್ಯುತ್ತಿತ್ತು, ಕಾಲನ್ನು ನೆಲಕ್ಕೆ ಒತ್ತಿ ಹಿಡಿದಳು.

"ನೀರು ಚಿಮ್ಮಿಸಬೇಡಿ ಚಿಕ್ಕಮ್ಮ. ಒತ್ತಿ ಒರೆಸಿ, ಉಜ್ಜಬೇಡಿ. ಒರೆಸಿದ ಬಟ್ಟೆ ಆ ಚೀಲಕ್ಕೆ. ಹಾಸಿಗೆ ಬಟ್ಟೆ ಕೊಡವಬೇಡಿ, ಒಳಮುಖವಾಗಿ ಸುತ್ತಿ."

ಚಿಕ್ಕಮ್ಮ ಅಕ್ಕನ ಮುಖ ಒರೆಸಿದಳು, ಕುತ್ತಿಗೆ ಒರೆಸಿದಳು, ಸೂಜಿ ಚುಚ್ಚಿ ಚುಚ್ಚಿ ನೀಲಿಯಾಗಿದ್ದ ತೋಳು ಒರೆಸಿದಳು. ಒರೆಸುತ್ತಿದ್ದಂತೆ ಅವಳ ಕಣ್ಣು ತುಂಬಿ ಬಂತು, ಕೈ ಮುಖದ ಕಡೆ ಎದ್ದಿತು.

"ಕಣ್ಣು ಮುಟ್ಟಬೇಡಿ," ಸೊಸೆ ಹೊಸ್ತಿಲಿಂದ ಹೇಳಿದಳು.

ಕೈ ಅರ್ಧದಲ್ಲೇ ನಿಂತಿತು. ಚಿಕ್ಕಮ್ಮ ಹಾಗೇ ಕೈ ಗಾಳಿಯಲ್ಲಿ ಹಿಡಿದುಕೊಂಡು ಅತ್ತಳು, ನೀರು ಗಲ್ಲದಿಂದ ಗೌನಿನ ಮೇಲೆ ಇಳಿಯಿತು. ಮಗ ಬಂದು ತನ್ನ ಕರವಸ್ತ್ರದಿಂದ ಅವಳ ಎರಡೂ ಕಣ್ಣು ಒರೆಸಿದ. ಅವಳು ಮತ್ತೆ ಬಟ್ಟೆ ಅದ್ದಿದಳು.

ಎಲ್ಲ ಮುಗಿದು, ಒಣಗಿದ ಬಟ್ಟೆ ಉಡಿಸಿ, ಗ್ಲೌಸುಗಳನ್ನು ಒಳಮೈ ಹೊರಗಾಗಿ ಸುಲಿದು ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಎಲ್ಲರೂ ಕೈ ತೊಳೆಯುವಷ್ಟರಲ್ಲಿ ಕೆಳಗೆ ಗಾಡಿ ಬಂದು ನಿಂತಿತು. ಸ್ಟ್ರೆಚರ್ ಹಿಡಿದು ಬಂದವರು ಲಿಫ್ಟಿನ ಕಡೆ ನೋಡಿದರು. "ಹಿಡಿಸಲ್ಲ," ಎಂದ ಮಗ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿದವನಿಗೆ ಅಮ್ಮನನ್ನು ಮಲಗಿಸಿಕೊಂಡು ಇಳಿಸುವ ಲಿಫ್ಟು ಈ ಕಟ್ಟಡದಲ್ಲಿಲ್ಲವೆಂದು ಅಳೆದು ನೋಡದೆಯೇ ಗೊತ್ತಿತ್ತು. ಮೆಟ್ಟಿಲಲ್ಲೇ ಇಳಿಸಬೇಕು.

ಹೊರಡುವ ಮುಂಚೆ ಒಬ್ಬೊಬ್ಬರೇ ಹೊಸ ಗ್ಲೌಸ್ ಹಾಕಿಕೊಂಡು ಬಂದು ಹಣೆ ಮುಟ್ಟಿದರು. ಲೇಬಲಣ್ಣ ಮುಟ್ಟಿದ. ಆಯಮ್ಮ ಮುಟ್ಟಿ, ಕಿವಿಯ ಬಳಿ ಏನೋ ಹೇಳಿದಳು. ಮಗ ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಸೊಸೆ ಹೊಸ್ತಿಲಾಚೆಯೇ ಇದ್ದಳು. ಒರೆಸಿ ಆಗಿದೆ, ಗ್ಲೌಸ್ ಹಾಕಿಕೊಂಡರೆ ಇಷ್ಟಕ್ಕೆ ಏನೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಪೆಟ್ಟಿಗೆಗೆ ಕೈ ಹಾಕಿದಾಗ ಗ್ಲೌಸು ಎರಡು ಸಲ ಜಾರಿ ಕೆಳಗೆ ಬಿತ್ತು. ಮಣಿಕಟ್ಟಿನಲ್ಲಿ ಮತ್ತೆ ಆ ತಣ್ಣನೆಯ ಹನಿ ಬಿದ್ದಂತಾಯಿತು.

ಚಿಕ್ಕಮ್ಮ ಹತ್ತಿರ ಬಂದು ಪೆಟ್ಟಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡಳು. ಒಂದು ಜೊತೆ ಎಳೆದು ಅವಳ ಬೆರಳುಗಳಿಗೆ ಒಂದೊಂದಾಗಿ ತೊಡಿಸಿ, ಮಣಿಕಟ್ಟಿನವರೆಗೆ ಎಳೆದು, ಅದರ ಮೇಲೆ ಅಂಗಿಯ ತೋಳು ಇಳಿಸಿದಳು. ಇನ್ನೊಂದು ಜೊತೆಯನ್ನು ತೋಳಿನ ಮೇಲೆ ಏರಿಸಿದಳು. ಆಮೇಲೆ ಬಲಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಮಣಿಕಟ್ಟಿನ ಸುತ್ತ ಬೆರಳಾಡಿಸಿ, ತಿರುಗಿಸಿ, ಮತ್ತೊಮ್ಮೆ ಬೆರಳಾಡಿಸಿ ನೋಡಿದಳು.

ಎರಡು ಸಲ ತಟ್ಟಿದಳು.

"ಹೂಂ, ಈಗ ಮುಟ್ಟು," ಎಂದಳು.